ಯುದ್ಧದ ನಡುವಿನ ಮಗು: ಹೆಸರು ಬರೆದುಕೊಳ್ಳುವವರು ಯಾರು?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮಗೆಲ್ಲ ಗೊತ್ತಿರುವುದೇ. ರಾಜರಾಜರ ಜಗಳದಲ್ಲಿ ಕೂಸಿನ ಪಾಡು ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಒಂದು ಪ್ರಸಂಗವಿದೆ. ಶಾಲೆಯ ಸಮಾಜ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. 1792ರಲ್ಲಿ ಮೂರನೆಯ ಮೈಸೂರು ಯುದ್ಧ ಮುಗಿದು ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಷರತ್ತುಗಳು ಈಡೇರುವ ತನಕ ಆತನ ಇಬ್ಬರು ಗಂಡುಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಲಾರ್ಡ್ ಕಾರ್ನ್‌ವಾಲಿಸನ ಬಳಿ ಒತ್ತೆಯಾಳುಗಳು. ದೊಡ್ಡವನಿಗೆ ಸುಮಾರು ಹತ್ತು ವರ್ಷ, ಚಿಕ್ಕವನಿಗೆ ಸುಮಾರು ಎಂಟು. ಮದರಾಸಿನಲ್ಲಿದ್ದು 1794ರಲ್ಲಿ ಅವರು ತಂದೆಯ ಬಳಿಗೆ ಹಿಂದಿರುಗಿದರು.

ಈ ಪ್ರಸಂಗವನ್ನು ಚಿತ್ರಿಸಲು ಅಂದಿನ ಇಂಗ್ಲಿಷ್ ಕಲಾವಿದರಲ್ಲಿ ಪೈಪೋಟಿಯೇ ನಡೆಯಿತೆನ್ನಬಹುದು. ರಾಬರ್ಟ್ ಹೋಮ್ ಬರೆದ ಚಿತ್ರ ಇಲ್ಲೇ ಲಂಡನ್ನಿನ ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಹುಡುಗರು ತೊಟ್ಟಿದ್ದ ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಿನ ಮುತ್ತಿನ ಸರ, ಜೊತೆಯಲ್ಲಿ ಬಂದ ಟಿಪ್ಪುವಿನ ರಾಯಭಾರಿ ಗುಲಾಂ ಅಲಿ, ಎಲ್ಲವನ್ನೂ ಕಂಡವರು ಬರೆದಿಟ್ಟಿದ್ದಾರೆ. ಅರಮನೆಯ ಮಕ್ಕಳಲ್ಲವೇ! ಅದೇ ಯುದ್ಧದಲ್ಲಿ ಕಂಪನಿ, ಮರಾಠರು, ನಿಜಾಮ ಹೀಗೆ ಮೂರು ಸೈನ್ಯಗಳು ಮೈಸೂರು ಸೀಮೆಯ ಹಳ್ಳಿಗಳನ್ನು ಹಾದುಹೋದವು. ಆ ಹಳ್ಳಿಗಳ ರೈತಾಪಿ ಮಕ್ಕಳಲ್ಲಿ ಎಷ್ಟು ಮಂದಿ ತಾಯಿತಂದೆಯರನ್ನು ಕಳೆದುಕೊಂಡರು, ಎಲ್ಲಿಗೆ ಹೋದರು ಎಂದು ಕೇಳಿದರೆ ಯಾವ ಪುಸ್ತಕದಲ್ಲೂ ಒಂದು ಹೆಸರಿಲ್ಲ.

ಯುದ್ಧದಲ್ಲಿ ಮಕ್ಕಳ ರಕ್ಷಣೆಗೆ ಇಂದು ಜಗತ್ತಿನಲ್ಲಿ ಕಾನೂನುಗಳಿಗೇನೂ ಕೊರತೆಯಿಲ್ಲ. ಅವನ್ನೆಲ್ಲ ಇಲ್ಲಿ ಒಪ್ಪಿಸುವುದು ನನ್ನ ಉದ್ದೇಶವಲ್ಲ, ನಾನು ವಕೀಲನೂ ಅಲ್ಲ. ಓದುತ್ತಾ ಹೋದಂತೆ ನನಗೆ ಎದ್ದು ಕಂಡ ಒಂದೇ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಆ ಕಾನೂನುಗಳೆಲ್ಲ ನಿಂತಿರುವುದು ಒಂದು ಪಟ್ಟಿಯ ಎರಡು ಕಾಲಂಗಳ ಮೇಲೆ. ಮೊದಲನೆಯದು ಮಗುವಿನ ಹೆಸರು, ವಯಸ್ಸು, ಹೆತ್ತವರ ವಿವರ. ಎರಡನೆಯದು ಆ ಮಗುವಿಗೆ ಈ ಹೊತ್ತು ಯಾರು ಹೊಣೆ ಎಂಬುದು. ಟಿಪ್ಪುವಿನ ಮಕ್ಕಳಿಗೆ ಎರಡೂ ಭರ್ತಿಯಾಗಿದ್ದವು.

ಒಂದು ಜನನ ಪತ್ರ, ಐದು ಪೌಂಡ್ ದಂಡ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನ್ಯ ಸೇರಲು 18 ವರ್ಷ, ಹೊರದೇಶಕ್ಕೆ ಹೋಗಿ ಕಾದಲು 19 ವರ್ಷ ಆಗಿರಬೇಕೆಂಬ ನಿಯಮವಿತ್ತು. ಆದರೆ ಸೇರಿಸಿಕೊಳ್ಳುವವರು ಜನನ ಪತ್ರ ಕೇಳುತ್ತಿರಲಿಲ್ಲ. ದಕ್ಷಿಣ ಲಂಡನ್ನಿನ ಟೂಟಿಂಗ್‌ನ ಸಿಡ್ನಿ ಲೂಯಿಸ್ 1915ರ ಆಗಸ್ಟಿನಲ್ಲಿ ಸೇರಿದಾಗ ಅವನಿಗೆ ಬರೀ 12 ವರ್ಷ. ಮರುವರ್ಷ ಸೋಮ್ ಕದನದಲ್ಲಿ ಹೋರಾಡಿದ. ಅವನನ್ನು ಹಿಂದೆ ತಂದದ್ದು ಯಾವ ಸೇನಾಧಿಕಾರಿಯ ಕರುಣೆಯೂ ಅಲ್ಲ. ಅವನ ತಾಯಿ ಯುದ್ಧ ಇಲಾಖೆಗೆ ಕಳಿಸಿದ ಜನನ ಪತ್ರ. ನಿಯಮ ಮೊದಲಿನಿಂದಲೂ ಇತ್ತು, ಅದು ಕೆಲಸ ಮಾಡಿದ್ದು ಕಾಗದ ತಲುಪಿದ ಮೇಲೆ.

ಆ ಯುದ್ಧ ಮುಗಿದರೂ ಬ್ರಿಟನ್ ತನ್ನ ದಿಗ್ಬಂಧನವನ್ನು ಕೂಡಲೇ ಸಡಿಲಿಸಲಿಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದವು. ಎಗ್ಲಂಟೈನ್ ಜೆಬ್ ಎಂಬ ಮಹಿಳೆ 1919ರಲ್ಲಿ ಆಸ್ಟ್ರಿಯಾದ ಬಡಕಲು ಮಗುವೊಂದರ ಚಿತ್ರವಿದ್ದ ಕರಪತ್ರಗಳನ್ನು ಟ್ರಫಾಲ್ಗರ್ ಚೌಕದಲ್ಲಿ ಹಂಚಿ ಬಂಧನಕ್ಕೊಳಗಾದರು. ಶತ್ರು ದೇಶದ ಮಕ್ಕಳ ಬಗ್ಗೆ ಕನಿಕರವೇ? ಕೋರ್ಟು ಐದು ಪೌಂಡ್ ದಂಡ ಹಾಕಿತು. ಸ್ವಾರಸ್ಯವೆಂದರೆ, ಆಕೆಯ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ಐದು ಪೌಂಡ್ ಕೊಟ್ಟರಂತೆ; ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಮೊದಲ ದೇಣಿಗೆ ಅದೇ ಎಂದು ಹೇಳುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ರಾಯಲ್ ಆಲ್ಬರ್ಟ್ ಹಾಲಿನ ಸಭೆಯಲ್ಲಿ ಸಂಸ್ಥೆ ಹುಟ್ಟಿತು. ಜೆಬ್ ಬರೆದ ಮಕ್ಕಳ ಹಕ್ಕುಗಳ ಪುಟ್ಟ ಕರಡನ್ನು 1924ರಲ್ಲಿ ರಾಷ್ಟ್ರಗಳ ಒಕ್ಕೂಟ ಜಿನೀವಾ ಘೋಷಣೆಯೆಂದು ಅಂಗೀಕರಿಸಿತು. ಚಂದಾ ಎತ್ತಲು ಹಿಂಜರಿಯುವ ನಮ್ಮ ಸಮಿತಿಯ ಮಿತ್ರರು ಈ ಕಥೆಯನ್ನು ನೆನಪಿಟ್ಟುಕೊಳ್ಳಬಹುದು.

ಕೊರಳಿನ ಚೀಟಿ

ನಮ್ಮ ಗ್ರೀನ್‌ಫರ್ಡ್ ಸ್ಟೇಷನ್ನಿನಲ್ಲಿ ಸೆಂಟ್ರಲ್ ಲೈನ್ ಹತ್ತಿದರೆ ರೈಲು ಬದಲಿಸದೆ ಲಿವರ್‌ಪೂಲ್ ಸ್ಟ್ರೀಟಿಗೆ ಹೋಗಬಹುದು. ಸಿಟಿಯಲ್ಲಿ ಕೆಲಸ ಮಾಡುವ ನಮ್ಮವರು ಎಷ್ಟೋ ಮಂದಿ ದಿನವೂ ಅಲ್ಲಿ ಇಳಿಯುತ್ತಾರೆ. ಸ್ಟೇಷನ್ನಿನ ಹೊರಗೆ ಪೆಟ್ಟಿಗೆ ಹಿಡಿದು ನಿಂತ ಮಕ್ಕಳ ಕಂಚಿನ ಪ್ರತಿಮೆಗಳಿವೆ. ಫ್ರಾಂಕ್ ಮೈಸ್ಲರ್ ಮಾಡಿದ್ದು, 2006ರಲ್ಲಿ ನಿಲ್ಲಿಸಿದ್ದು. 1938ರ ಡಿಸೆಂಬರಿನಿಂದ ಯುದ್ಧ ಶುರುವಾಗುವವರೆಗೆ ನಾಜಿಗಳ ಹಿಡಿತದ ಸೀಮೆಯಿಂದ ಸುಮಾರು 10,000 ಮಕ್ಕಳು, ಬಹುಪಾಲು ಯಹೂದಿಗಳು, ಹೆತ್ತವರನ್ನು ಬಿಟ್ಟು ಬ್ರಿಟನ್ನಿಗೆ ಬಂದರು. ಇದಕ್ಕೆ ಕಿಂಡರ್‌ಟ್ರಾನ್ಸ್‌ಪೋರ್ಟ್ ಎಂದು ಹೆಸರು. ಹಾರ್ವಿಚ್ ಬಂದರಿನಲ್ಲಿ ಇಳಿದ ಮಕ್ಕಳಲ್ಲಿ ಅನೇಕರು ರೈಲಿನಲ್ಲಿ ಈ ಸ್ಟೇಷನ್ನಿಗೇ ಬಂದರು. ಪ್ರತಿ ಮಗುವಿನ ಕೊರಳಲ್ಲೂ ನಂಬರಿನ ಚೀಟಿ. ಹೆಚ್ಚಿನವರ ತಾಯಿತಂದೆಯರು ಮತ್ತೆ ಸಿಗಲಿಲ್ಲ.

1939ರ ಸೆಪ್ಟೆಂಬರ್ 1ರಂದು ಚೀಟಿ ಕಟ್ಟಿಸಿಕೊಳ್ಳುವ ಸರದಿ ಬ್ರಿಟನ್ನಿನ ಮಕ್ಕಳದ್ದೇ ಆಯಿತು. ಬಾಂಬಿನ ಭಯದಿಂದ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು, ಹೆಚ್ಚಾಗಿ ಶಾಲಾ ಮಕ್ಕಳನ್ನು, ಲಂಡನ್ ಮೊದಲಾದ ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಕೋಟಿಗೆ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕಿನ ಡಬ್ಬಿ. ಒಂದು ಮಗುವನ್ನು ಇಟ್ಟುಕೊಂಡ ಮನೆಗೆ ಸರ್ಕಾರದಿಂದ ವಾರಕ್ಕೆ 10 ಶಿಲಿಂಗ್ 6 ಪೆನ್ಸ್. ಸಾಗಣೆ ಅಚ್ಚುಕಟ್ಟಾಗಿ ನಡೆಯಿತು, ಮುಟ್ಟಿದ ಮೇಲಿನ ವ್ಯವಸ್ಥೆ ಹಾಗಿರಲಿಲ್ಲ. ಎಷ್ಟೋ ಕಡೆ ಹಳ್ಳಿಯ ಸಭಾಂಗಣದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮನೆಯವರು ಸಂತೆಯಲ್ಲಿ ಕರು ಆರಿಸಿದಂತೆ ಆರಿಸಿಕೊಂಡರು. ಕೆಲವರಿಗೆ ಅಕ್ಕರೆಯ ಮನೆ ಸಿಕ್ಕಿತು, ಕೆಲವರಿಗೆ ದುಡಿತ ಮತ್ತು ಹೊಡೆತ. ಮೊದಲ ಕಾಲಂ ತುಂಬಿತ್ತು, ಎರಡನೆಯದರಲ್ಲಿ ಗೀಚಿದ ಒಂದು ವಿಳಾಸ ಮಾತ್ರ.

ಹೊರದೇಶಕ್ಕೆ ಕಳಿಸುವ ಯೋಜನೆಯೂ ಇತ್ತು. 1940ರ ಸೆಪ್ಟೆಂಬರಿನಲ್ಲಿ 90 ಮಕ್ಕಳನ್ನು ಹೊತ್ತು ಕೆನಡಾಕ್ಕೆ ಹೊರಟ ಹಡಗಿನ ಹೆಸರು 'ಸಿಟಿ ಆಫ್ ಬೆನಾರಸ್', ಅಂದರೆ ನಮ್ಮ ಕಾಶಿ. ಸೆಪ್ಟೆಂಬರ್ 17ರ ರಾತ್ರಿ ಜರ್ಮನ್ ಸಬ್‌ಮರೀನ್ ಅದನ್ನು ಮುಳುಗಿಸಿತು. 90ರಲ್ಲಿ 77 ಮಕ್ಕಳು ಸತ್ತರು. ಒಂದು ದೋಣಿಯಲ್ಲಿ ಆರು ಹುಡುಗರು ಭಾರತೀಯ ನಾವಿಕರ ಜೊತೆ ಎಂಟು ದಿನ ಕಡಲಲ್ಲಿ ಕಳೆದು ಬದುಕಿ ಬಂದರು. ಆ ಯೋಜನೆ ಅಲ್ಲಿಗೆ ನಿಂತಿತು.

ಯುದ್ಧಾನಂತರ ಬ್ರಿಟನ್ ಎರಡನೆಯ ಕಾಲಮ್ಮಿನ ಕಡೆ ಗಮನ ಹರಿಸಿತು. 1948ರ ಮಕ್ಕಳ ಕಾಯ್ದೆಯಂತೆ ಪ್ರತಿ ಸ್ಥಳೀಯ ಆಡಳಿತವೂ ಒಬ್ಬ ಮಕ್ಕಳ ಅಧಿಕಾರಿಯನ್ನು ನೇಮಿಸಬೇಕಾಯಿತು. ಹೆತ್ತವರಿಲ್ಲದ ಮಗುವಿಗೆ ಯಾರು ಹೊಣೆ ಎಂದರೆ ಬೆರಳು ಮಾಡಿ ತೋರಿಸಲು ಒಬ್ಬರು ಇರಬೇಕು ಎಂಬುದೇ ಇದರ ತಿರುಳು. ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕೆಲಸವನ್ನು 'ಎಲ್ಲರೂ ಸೇರಿ' ನೋಡಿಕೊಳ್ಳುತ್ತಾರೋ ಅದನ್ನು ಯಾರೂ ನೋಡಿಕೊಳ್ಳುವುದಿಲ್ಲ!

ಕಾನೂನು ಏನು ಹೇಳುತ್ತದೆ

1949ರ ನಾಲ್ಕನೆಯ ಜಿನೀವಾ ಒಡಂಬಡಿಕೆ ಯುದ್ಧಕಾಲದಲ್ಲಿ ಜನಸಾಮಾನ್ಯರ ರಕ್ಷಣೆಗೆಂದೇ ಆದದ್ದು. ಒತ್ತೆ ಹಿಡಿಯುವುದನ್ನು ಅದು ನಿಷೇಧಿಸಿತು. ಶ್ರೀರಂಗಪಟ್ಟಣದಲ್ಲಿ ನಡೆದದ್ದು ಇಂದು ನಡೆದರೆ ಅಪರಾಧ. 24ನೆಯ ವಿಧಿ ಅನಾಥರಾದ ಅಥವಾ ಮನೆಯವರಿಂದ ಬೇರ್ಪಟ್ಟ 15 ವರ್ಷದೊಳಗಿನ ಮಕ್ಕಳನ್ನು ಅವರ ಪಾಡಿಗೆ ಬಿಡಬಾರದು ಎನ್ನುತ್ತದೆ. 12 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಗುರುತಿನ ಬಿಲ್ಲೆಯನ್ನೋ ಬೇರೆ ಗುರುತನ್ನೋ ಕೊಡಲು ಪ್ರಯತ್ನಿಸಬೇಕು ಎಂದೂ ಹೇಳುತ್ತದೆ. ಕೊರಳಿನ ಚೀಟಿ ಹೀಗೆ ಕಾನೂನಿನ ಪುಟ ಸೇರಿತು.

1977ರ ಪೂರಕ ಒಪ್ಪಂದದ 78ನೆಯ ವಿಧಿ ಇನ್ನೂ ಮುಂದೆ ಹೋಗುತ್ತದೆ. ಯುದ್ಧದ ಕಾರಣ ಮಗುವನ್ನು ಬೇರೆ ದೇಶಕ್ಕೆ ಕಳಿಸಿದರೆ ಫೋಟೋ ಸಮೇತ ಒಂದು ಕಾರ್ಡ್ ತುಂಬಿ ರೆಡ್ ಕ್ರಾಸಿನ ಕೇಂದ್ರೀಯ ಶೋಧ ಸಂಸ್ಥೆಗೆ ಕಳಿಸಬೇಕು. ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ತಂದೆಯ ಹೆಸರು, ತಾಯಿಯ ಹೆಸರು ಮತ್ತು ತವರಿನ ಹೆಸರು, ಹತ್ತಿರದ ನೆಂಟರು, ಧರ್ಮ, ಮನೆ ವಿಳಾಸ, ರಕ್ತದ ಗುಂಪು, ಮೈಮೇಲಿನ ಗುರುತು, ಎಲ್ಲಿ ಯಾವಾಗ ಸಿಕ್ಕಿತು... ಇವುಗಳ ನಡುವೆ ಮಗುವಿನ ಮಾತೃಭಾಷೆ ಮತ್ತು ಅದು ಆಡುವ ಇತರ ಭಾಷೆಗಳಿಗೂ ಒಂದು ಸಾಲಿದೆ. ದಿನವಿಡೀ ಡೇಟಾಬೇಸುಗಳ ಜೊತೆ ಏಗುವ ನನಗೆ ಇಷ್ಟು ಮುತುವರ್ಜಿಯ ಫಾರಂ ಕಂಡ ನೆನಪಿಲ್ಲ. ಮೂರು ವರ್ಷದ ಮಗುವಿಗೆ ಊರ ಹೆಸರು ಹೇಳಲು ಬಾರದಿದ್ದರೂ ಅದು ಅಮ್ಮನನ್ನು ಕರೆಯುವ ರೀತಿಯಿಂದ ಸೀಮೆಯನ್ನು ಪತ್ತೆ ಮಾಡಬಹುದು. ಧಾರವಾಡದ ಕೂಸನ್ನೂ ಮಂಗಳೂರಿನ ಕೂಸನ್ನೂ ನಾವು ಕಣ್ಣು ಮುಚ್ಚಿ ಗುರುತಿಸುವುದಿಲ್ಲವೇ? ಭಾರತ 1949ರ ಒಡಂಬಡಿಕೆಗಳನ್ನು ಒಪ್ಪಿದೆ, ಈ ಪೂರಕ ಒಪ್ಪಂದವನ್ನು ಒಪ್ಪಿಲ್ಲ. ಬ್ರಿಟನ್ 1998ರಲ್ಲಿ ಒಪ್ಪಿತು.

ಈ ದಾಖಲೆಗಳ ಬೆಲೆ ಉಕ್ರೇನಿನಲ್ಲಿ ತಿಳಿಯಿತು. ಆಕ್ರಮಿತ ಪ್ರದೇಶಗಳಿಂದ 19,000ಕ್ಕೂ ಹೆಚ್ಚು ಮಕ್ಕಳನ್ನು ರಷ್ಯಾದ ಕಡೆಗೆ ಸಾಗಿಸಲಾಗಿದೆ ಎಂದು ಉಕ್ರೇನ್ ಸರ್ಕಾರ ಹೆಸರು ಹಿಡಿದು ಪಟ್ಟಿ ಮಾಡಿದೆ. 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ರಷ್ಯಾದ ಅಧ್ಯಕ್ಷ ಪುಟಿನ್ ಮತ್ತು ಅಲ್ಲಿನ ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೋವಾ-ಬೆಲೋವಾ ಅವರ ಮೇಲೆ ವಾರಂಟ್ ಹೊರಡಿಸಿದ್ದು ಮಕ್ಕಳ ಅಕ್ರಮ ಸಾಗಣೆಯ ಆರೋಪದ ಮೇಲೇ. ಮಗುವಿನ ಹೆಸರು, ಪೌರತ್ವ ಬದಲಾದರೆ ಹುಡುಕುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಆಕ್ರಮಿಸಿದ ದೇಶ ಮಕ್ಕಳ ಗುರುತನ್ನು ಬದಲಿಸಬಾರದೆಂದು 1949ರಲ್ಲೇ ಬರೆದಿಟ್ಟಿರುವುದು ಅದಕ್ಕಾಗಿಯೇ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಬ್ರಿಟನ್ 1991ರಲ್ಲಿ, ಭಾರತ 1992ರಲ್ಲಿ ಒಪ್ಪಿದವು. ಹುಟ್ಟಿದ ಕೂಡಲೇ ನೋಂದಣಿಯಾಗುವುದು ಅದರ ಪ್ರಕಾರ ಮಗುವಿನ ಹಕ್ಕು. 2000ದ ಪೂರಕ ಒಪ್ಪಂದ 18ರೊಳಗಿನವರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಬಾರದು, ಕದನಕ್ಕೆ ಇಳಿಸಬಾರದು ಎಂದಿತು. ಬ್ರಿಟನ್ ಇಂದಿಗೂ 16 ವರ್ಷದವರನ್ನು ಹೆತ್ತವರ ಒಪ್ಪಿಗೆಯ ಮೇಲೆ ಸೇರಿಸಿಕೊಳ್ಳುತ್ತದೆ, ಆದರೆ 18 ತುಂಬುವವರೆಗೆ ಕದನಕ್ಕೆ ಕಳಿಸುವುದಿಲ್ಲ ಎನ್ನುತ್ತದೆ. ಹೀಗಿದ್ದೂ 2003ರಿಂದ 2005ರ ನಡುವೆ 17 ವರ್ಷದ 15 ಮಂದಿ ಇರಾಕಿಗೆ ಹೋಗಿದ್ದರೆಂದು ರಕ್ಷಣಾ ಇಲಾಖೆಯೇ 2007ರಲ್ಲಿ ಒಪ್ಪಿಕೊಂಡಿತು.

ಎಣಿಸುವುದರಿಂದ ಏನು ಬಂತು?

ವಿಶ್ವಸಂಸ್ಥೆ ಮಕ್ಕಳ ಮೇಲಿನ ಆರು ಬಗೆಯ ಘೋರ ಅಪರಾಧಗಳನ್ನು ಲೆಕ್ಕವಿಡುತ್ತದೆ: ಕೊಲ್ಲುವುದು ಅಥವಾ ಅಂಗಹೀನ ಮಾಡುವುದು, ಸೇನೆಗೆ ಸೇರಿಸುವುದು, ಲೈಂಗಿಕ ಹಿಂಸೆ, ಅಪಹರಣ, ಶಾಲೆ-ಆಸ್ಪತ್ರೆಗಳ ಮೇಲಿನ ದಾಳಿ, ನೆರವು ತಲುಪದಂತೆ ತಡೆಯುವುದು. ಭದ್ರತಾ ಮಂಡಳಿ 2005ರಲ್ಲಿ ಇದಕ್ಕೊಂದು ವ್ಯವಸ್ಥೆ ರೂಪಿಸಿತು. ಕೇಳಿದ್ದನ್ನೆಲ್ಲ ಇದು ಸೇರಿಸುವುದಿಲ್ಲ; ಪರಿಶೀಲಿಸಿ ದೃಢಪಟ್ಟದ್ದು ಮಾತ್ರ. ಹಾಗೆ 2024ರಲ್ಲಿ ದೃಢಪಟ್ಟವು 41,370. ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ಲೆಕ್ಕವಿಟ್ಟರೆ ಯುದ್ಧ ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ನಿಲ್ಲುವುದಿಲ್ಲ. ಆದರೆ ನೇಪಾಳದ ಉದಾಹರಣೆ ನೋಡಿ. ಅಂತರ್ಯುದ್ಧ ಮುಗಿದ ಮೇಲೆ ಮಾವೋವಾದಿ ಶಿಬಿರಗಳಲ್ಲಿದ್ದವರನ್ನು ವಿಶ್ವಸಂಸ್ಥೆ ಒಬ್ಬೊಬ್ಬರಾಗಿ ವಿಚಾರಿಸಿತು. 1988ರ ಮೇ 25ರ ನಂತರ ಹುಟ್ಟಿದವರು ಕದನ ವಿರಾಮದ ಹೊತ್ತಿಗೆ ಅಪ್ರಾಪ್ತರು ಎಂಬುದು ಅಳತೆಗೋಲು. ಹಾಗೆ ಗುರುತಿಸಿದ 2,973 ಮಂದಿಯನ್ನು 2010ರಲ್ಲಿ ಬಿಡಬೇಕಾಯಿತು. ಶ್ರೀಲಂಕಾದಲ್ಲಿ ಎಲ್‌ಟಿಟಿಇ ಸೇರಿಸಿಕೊಂಡ ಮಕ್ಕಳ ಹೆಸರು ಯುನಿಸೆಫ್ ದಾಖಲೆಯಲ್ಲಿ ಆರು ಸಾವಿರ ಮೀರಿದ್ದವು. ಹ್ಯಾರೋ, ನಾರ್ಥಾಲ್ಟ್ ಕಡೆಯ ತಮಿಳು ನೆರೆಹೊರೆಯವರಲ್ಲಿ ಹೀಗೆ ಮಗನನ್ನೋ ತಂಗಿಯನ್ನೋ ಕಳೆದುಕೊಂಡ ಮನೆಗಳು ಇದ್ದರೆ ಆಶ್ಚರ್ಯವಿಲ್ಲ.

ಕಾಗದವಿದ್ದವರಿಗೂ ಇಲ್ಲದವರಿಗೂ ಇರುವ ಅಂತರವನ್ನು 2023ರ ಏಪ್ರಿಲಿನಲ್ಲಿ ನಾವು ಕನ್ನಡ ಪತ್ರಿಕೆಗಳಲ್ಲೇ ಓದಿದೆವು. ಗಿಡಮೂಲಿಕೆ ಮಾರಲು ಸುಡಾನಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರು ಎಲ್ ಫಾಶರ್ ಊರಿನಲ್ಲಿ ಗುಂಡಿನ ನಡುವೆ ಸಿಕ್ಕಿಬಿದ್ದರು. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇತ್ತು, ಹೊಣೆ ಹೊರಲು ಒಂದು ಸರ್ಕಾರವಿತ್ತು. 'ಆಪರೇಷನ್ ಕಾವೇರಿ'ಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರು ಸುಡಾನಿನಿಂದ ಹೊರಬಂದರು. ಎಲ್ ಫಾಶರಿನ ಮಕ್ಕಳು ಅಲ್ಲೇ ಉಳಿದರು. ದೀರ್ಘ ಮುತ್ತಿಗೆಯ ನಂತರ 2025ರ ಅಕ್ಟೋಬರಿನಲ್ಲಿ ಊರು ಬಂಡುಕೋರ ಪಡೆಯ ವಶವಾಯಿತು. ಹತ್ತಿರದ ತವಿಲಾಕ್ಕೆ ನೂರಾರು ಮಕ್ಕಳು ಹೆತ್ತವರಿಲ್ಲದೆ ಬಂದು ತಲುಪಿದರು.

ಗ್ರೀನ್‌ಫರ್ಡಿನಲ್ಲಿ ಕುಳಿತು...

ಅಂಥ ಮಕ್ಕಳಲ್ಲಿ ಕೆಲವರು ಎಲ್ಲೆಲ್ಲೋ ಸುತ್ತಿ ಒಂಟಿಯಾಗಿ ಈ ದೇಶಕ್ಕೂ ಬರುತ್ತಾರೆ. ಇಲ್ಲಿ ಎಲ್ಲವೂ ತೂಗುವುದು ಒಂದೇ ಪ್ರಶ್ನೆಯ ಮೇಲೆ: ವಯಸ್ಸು ಎಷ್ಟು? 18ರೊಳಗಾದರೆ 1989ರ ಮಕ್ಕಳ ಕಾಯ್ದೆಯಂತೆ ಕೌನ್ಸಿಲ್ಲೇ ಪೋಷಕ. ಮನೆ, ಶಾಲೆ, ಸೋಷಿಯಲ್ ವರ್ಕರ್ ಎಲ್ಲ ಉಂಟು. ದೊಡ್ಡವನೆಂದು ಬರೆದುಬಿಟ್ಟರೆ ಅಪರಿಚಿತ ವಯಸ್ಕರ ಜೊತೆ ಒಂದು ಕೋಣೆ. ಜನನ ಪತ್ರವಿಲ್ಲದ ದೇಶದಿಂದ ಬಂದ ಹುಡುಗ ಏನು ತೋರಿಸಿಯಾನು? ನಮಗೆ ಇದು ಅರ್ಥವಾಗಬೇಕು. ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಜನರ ಹುಟ್ಟುಹಬ್ಬ ಜೂನ್ 1 ಎಂದು ಲೆಕ್ಕ ಹಾಕಿ ನೋಡಿ! ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಬಂತು. ಯಾರೂ ಅವರನ್ನು ಸುಳ್ಳುಗಾರರೆನ್ನಲಿಲ್ಲ. ವಯಸ್ಸಿನ ಪ್ರಶ್ನೆಯನ್ನು ಅಂತಿಮವಾಗಿ ನ್ಯಾಯಾಲಯವೇ ವಾಸ್ತವಾಂಶ ನೋಡಿ ತೀರ್ಮಾನಿಸಬೇಕೆಂದು ಇಲ್ಲಿನ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಆದರೆ ಕೋರ್ಟಿನವರೆಗೆ ಹೋಗಲು ಆ ಹುಡುಗನ ಕೈಹಿಡಿಯುವವರು ಬೇಕು.

ಹೆಸರು ಬರೆದುಕೊಂಡರಷ್ಟೇ ಸಾಲದು ಎಂಬುದಕ್ಕೂ ಇಲ್ಲೇ ಸಾಕ್ಷಿ ಸಿಕ್ಕಿತು. 2021ರ ಜುಲೈನಿಂದ ಗೃಹ ಇಲಾಖೆ ಒಂಟಿ ಮಕ್ಕಳನ್ನು ಹೋಟೆಲುಗಳಲ್ಲಿ ಇರಿಸಿತು. ಸುಮಾರು 4,600 ಮಕ್ಕಳು ಅಲ್ಲಿದ್ದು ಹೋದರು, ಅವರಲ್ಲಿ 200 ಮಂದಿ ಇನ್ನೂ ಪತ್ತೆಯಿಲ್ಲವೆಂದು ಸಚಿವರು 2023ರ ಜನವರಿಯಲ್ಲಿ ಪಾರ್ಲಿಮೆಂಟಿಗೆ ತಿಳಿಸಿದರು. ಇಲಾಖೆಯೋ ಕೌನ್ಸಿಲ್ಲೋ, ಹೊಣೆ ಯಾರದೆಂಬುದೇ ಸ್ಪಷ್ಟವಿರಲಿಲ್ಲ. ಮಕ್ಕಳನ್ನು ಹೀಗೆ ಹೋಟೆಲಿನಲ್ಲಿಡುವುದನ್ನೇ ರೂಢಿ ಮಾಡಿಕೊಂಡದ್ದು ಕಾನೂನುಬಾಹಿರ ಎಂದು ಹೈಕೋರ್ಟ್ ಅದೇ ವರ್ಷ ಜುಲೈನಲ್ಲಿ ತೀರ್ಪಿತ್ತಿತು. ಆ ಹೋಟೆಲುಗಳನ್ನು ನಂತರ ಮುಚ್ಚಿದರು.

ಈಗ ನಮ್ಮ ಮಾತಿಗೆ ಬರೋಣ. ಟಿವಿಯಲ್ಲಿ ಯುದ್ಧದ ಮಕ್ಕಳನ್ನು ಕಂಡಾಗ "ಒಂದನ್ನು ನಾವೇ ದತ್ತು ತೆಗೆದುಕೊಂಡರಾಗದೇ?" ಎಂದು ಕೇಳುವ ಸಹೃದಯರು ನಮ್ಮಲ್ಲಿದ್ದಾರೆ. ಒಳ್ಳೆಯ ಮನಸ್ಸು, ಆದರೆ ಆತುರದ ದತ್ತು ಮಗುವಿನ ಮೊದಲ ಕಾಲಮ್ಮನ್ನು ಅಳಿಸಿಬಿಡುತ್ತದೆ. ಯುದ್ಧದಲ್ಲಿ ಒಂಟಿಯಾದ ಮಗು ಅನಾಥವೇ ಆಗಿರಬೇಕೆಂದಿಲ್ಲ. ಅಮ್ಮನೋ ಅಜ್ಜಿಯೋ ಇನ್ನೊಂದು ಶಿಬಿರದಲ್ಲಿ ಹುಡುಕುತ್ತಿರಬಹುದು. ಆದ್ದರಿಂದ ಕನಿಷ್ಠ ಎರಡು ವರ್ಷ ಮನೆಯವರಿಗಾಗಿ ಹುಡುಕಬೇಕೆಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಹಳೆಯ ಮಾರ್ಗಸೂಚಿ. ಹಣ ಕೊಡುವಾಗಲೂ ಕಂಬಳಿ, ಬಿಸ್ಕತ್ತಿನ ಜೊತೆ ಮಕ್ಕಳ ನೋಂದಣಿಗೆ, ಮನೆಯವರ ಶೋಧಕ್ಕೆ ಖರ್ಚು ಮಾಡುತ್ತೀರಾ ಎಂದು ಸಂಸ್ಥೆಯವರನ್ನು ಕೇಳಿ. ಫೋಟೋದಲ್ಲಿ ಚೆನ್ನಾಗಿ ಕಾಣದ ಖರ್ಚು ಅದು, ಹಾಗಾಗಿ ಅದಕ್ಕೆ ಹಣ ಬರುವುದು ಕಡಿಮೆ. ಈ ಸಂಚಿಕೆಯ ಕೊನೆಯಲ್ಲಿರುವ ಗಿಫ್ಟ್ ಏಡ್ ಫಾರಂ ತುಂಬಿದರೆ ನಿಮ್ಮ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ, ನೀವು ಇಲ್ಲಿ ಸಾಕಷ್ಟು ತೆರಿಗೆ ಕಟ್ಟುವವರಾಗಿದ್ದರೆ. ಊಟದ ಟಿಕೆಟ್ಟಿಗೂ ಜಾಹೀರಾತಿಗೂ ಇದು ಅನ್ವಯಿಸದು, ಬರೀ ದೇಣಿಗೆಗೆ ಮಾತ್ರ.

ಹಣಕ್ಕಿಂತ ಸಮಯ ಕೊಡಬಲ್ಲವರಿಗೆ ಎರಡು ದಾರಿಗಳಿವೆ. ಮಕ್ಕಳು ಯೂನಿವರ್ಸಿಟಿಗೆ ಹೋಗಿ ಕೋಣೆ ಖಾಲಿಯಿರುವ ಮನೆಯವರು ಕೌನ್ಸಿಲ್ಲಿನ ಫಾಸ್ಟರಿಂಗ್ ವಿಭಾಗವನ್ನು ವಿಚಾರಿಸಬಹುದು. ನಮ್ಮ ಬರೋದಲ್ಲಿ ಅದು ಈಲಿಂಗ್ ಕೌನ್ಸಿಲ್. ಅಷ್ಟು ದೊಡ್ಡ ಹೊಣೆ ಬೇಡವೆನ್ನುವವರಿಗೆ 'ಇಂಡಿಪೆಂಡೆಂಟ್ ವಿಸಿಟರ್' ಎಂಬ ಸ್ವಯಂಸೇವೆ ಇದೆ. ಕೌನ್ಸಿಲ್ ಪೋಷಣೆಯಲ್ಲಿರುವ ಮಗುವಿಗೆ ಇದನ್ನು ಒದಗಿಸುವುದು ಕಾನೂನಿನಲ್ಲೇ ಬರೆದಿರುವ ವಿಷಯ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಆ ಮಗುವನ್ನು ಭೇಟಿಯಾಗಿ ಪಾರ್ಕಿಗೋ ಸಿನಿಮಾಕ್ಕೋ ಕರೆದೊಯ್ಯುವುದು, ಅದರ ಮಾತು ಕೇಳುವುದು, ಅಷ್ಟೇ ಕೆಲಸ. ಸಂಬಳವಿಲ್ಲ, ಖರ್ಚು ಕೊಡುತ್ತಾರೆ. ನಡುವೆ ಬಿಟ್ಟುಹೋಗಬಾರದು, ಒಂದೆರಡು ವರ್ಷವಾದರೂ ನಿಲ್ಲುವವರು ಬೇಕು. ಡಿಬಿಎಸ್ ತಪಾಸಣೆ, ರೆಫರೆನ್ಸುಗಳು, ತರಬೇತಿ ಇವಕ್ಕೆ ಸಮಯ ಹಿಡಿಯುವುದರಿಂದ ಬೇಸಿಗೆಯ ಶಾಲಾ ರಜೆಯ ಹೊತ್ತಿಗೆ ತಯಾರಾಗಬೇಕೆನ್ನುವವರು ಚಳಿಗಾಲದಲ್ಲೇ ಅರ್ಜಿ ಹಾಕುವುದು ಒಳ್ಳೆಯದು.